ಒಂದೇ ಪುಟ ಬ್ರೌಸರಿಗೊಂದು ಥರ ಕಾಣುವುದೇಕೆ?

ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ನೆಟ್ಟಗೆ ಕೂತಿದ್ದ ಪುಟವನ್ನು ಹಳೆಯ ಐಫೋನಿನಲ್ಲಿ ತೆರೆದರೆ ಬಟನ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ತಪ್ಪು ಯಾರದೆಂದು ಹುಡುಕಹೊರಟರೆ ಇಪ್ಪತ್ತೈದು ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಗುತ್ತದೆ.

ಪುಟದ ಬಣ್ಣ, ಅಳತೆ, ಜೋಡಣೆ ಹೇಳುವ ಭಾಷೆಯಾದ ಸಿಎಸ್‌ಎಸ್‌ನ ಮೊದಲ ಪ್ರಸ್ತಾವ ಬಂದದ್ದು 1994ರಲ್ಲಿ. ವೆಬ್‌ನ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಅದನ್ನು ಶಿಫಾರಸಾಗಿ ಹೊರಡಿಸಿದ್ದು 1996ರ ಡಿಸೆಂಬರಿನಲ್ಲಿ. ಅಷ್ಟರಲ್ಲಾಗಲೇ ಮೈಕ್ರೋಸಾಫ್ಟ್‌ನ ಬ್ರೌಸರ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್ (ಐಇ) 3 ಅರೆಬರೆ ಸಿಎಸ್‌ಎಸ್ ಹೊತ್ತು ಮಾರುಕಟ್ಟೆಗೆ ಬಂದಿತ್ತು. ನಿಯಮ ಗಟ್ಟಿಯಾಗುವ ಮೊದಲೇ ರೂಢಿ ಬೇರೂರಿತು.

ದೊಡ್ಡ ಜಗಳ ನಡೆದದ್ದು ಪುಟದ ಪ್ರತಿ ಭಾಗ ಕೂರುವ ಪೆಟ್ಟಿಗೆಯ ಅಗಲದ ಮೇಲೆ. ವಿಡ್ತ್ (ಅಗಲ) 300 ಪಿಕ್ಸೆಲ್, ಎರಡೂ ಬದಿ 20 ಪಿಕ್ಸೆಲ್ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ), 5 ಪಿಕ್ಸೆಲ್ ಬಾರ್ಡರ್ (ಅಂಚು) ಎಂದು ಬರೆದರೆ ನಿಯಮದ ಪ್ರಕಾರ ಒಟ್ಟು ಅಗಲ 350. ವಿಂಡೋಸ್‌ನ ಐಇ 5 ಇವೆಲ್ಲವನ್ನೂ 300ರೊಳಗೇ ತುರುಕಿ, ಬರಹಕ್ಕೆ 250 ಮಾತ್ರ ಉಳಿಸುತ್ತಿತ್ತು. ಐಇ ನೋಡಿಕೊಂಡು ಕಟ್ಟಿದ ಎರಡು ಕಾಲಂ ಪುಟ ಬೇರೆ ಬ್ರೌಸರಿನಲ್ಲಿ ಹಿಡಿಸದೆ ಎರಡನೆಯ ಕಾಲಂ ಕೆಳಕ್ಕೆ ಜಾರುತ್ತಿತ್ತು. ನಿಜ ಹೇಳಬೇಕೆಂದರೆ ಐಇ ಲೆಕ್ಕವೇ ಬಳಸಲು ಸುಲಭ. ಇಂದು ಬಹುಪಾಲು ಸ್ಟೈಲ್‌ಶೀಟುಗಳ ಮೊದಲ ಸಾಲಲ್ಲೇ ಕಾಣುವ 'ಬಾಕ್ಸ್-ಸೈಜಿಂಗ್: ಬಾರ್ಡರ್-ಬಾಕ್ಸ್' ಮಾಡುವುದೂ ಅದನ್ನೇ.

ಹಳೆಯ ಪುಟಗಳು ಕೆಡಬಾರದು, ಹೊಸವು ನಿಯಮದಂತೆ ನಡೆಯಬೇಕು. ಇದಕ್ಕೆ 2000ದಲ್ಲಿ ಮ್ಯಾಕ್‌ನ ಐಇ 5, ಮರುವರ್ಷ ಐಇ 6 ತಂದ ಉಪಾಯ, ಪುಟ ಯಾವ ನಿಯಮದ್ದೆಂದು ಹೇಳುವ ಸಾಲಾದ ಡಾಕ್‌ಟೈಪ್ ನೋಡುವುದು. ಮೊದಲ ಸಾಲಲ್ಲಿ ಸರಿಯಾದ ಡಾಕ್‌ಟೈಪ್ ಇದ್ದರೆ ಸ್ಟ್ಯಾಂಡರ್ಡ್ಸ್ ಮೋಡ್ (ನಿಯಮದಂತೆ), ಇಲ್ಲದಿದ್ದರೆ ಕ್ವರ್ಕ್ಸ್ ಮೋಡ್ (ಹಳೆಯ ರೂಢಿಯಂತೆ). ಐಇ 6ರಲ್ಲಿ ಡಾಕ್‌ಟೈಪ್‌ಗೂ ಮುಂಚೆ ಎಕ್ಸ್‌ಎಂಎಲ್ ಘೋಷಣೆಯ ಒಂದೇ ಸಾಲಿದ್ದರೂ ಪುಟ ಕ್ವರ್ಕ್ಸ್‌ಗೆ ಬೀಳುತ್ತಿತ್ತು.

ಈ ಏರ್ಪಾಡು ಇನ್ನೂ ಜೀವಂತ. ಸರ್ವರಿನಲ್ಲಿ ಪುಟ ತಯಾರಿಸುವ ಪಿಎಚ್‌ಪಿ ಭಾಷೆಯ ಎಚ್ಚರಿಕೆಯ ಸಾಲೊಂದು ಡಾಕ್‌ಟೈಪ್‌ಗಿಂತ ಮೊದಲು ಅಚ್ಚಾದರೆ ಸಾಕು, ಇಂದಿನ ಬ್ರೌಸರುಗಳೂ ಕ್ವರ್ಕ್ಸ್‌ಗೆ ಹೊರಳುತ್ತವೆ: ಟೇಬಲ್ಲಿನೊಳಗಿನ ಅಕ್ಷರ ಹೊರಗಿನ ಫಾಂಟ್ ಗಾತ್ರ ಪಡೆಯುವುದಿಲ್ಲ, ಪಿಕ್ಸೆಲ್ ಎಂದು ಬರೆಯದ ಬರೀ ಅಂಕಿಯೂ ಕೆಲವು ಕಡೆ ನಡೆದುಹೋಗುತ್ತದೆ. ಆದ್ದರಿಂದ ಬೇರೇನು ತಿದ್ದುವ ಮೊದಲು ಬ್ರೌಸರಿನ ಡೆವಲಪರ್ ಕನ್ಸೋಲಿನಲ್ಲಿ 'ಡಾಕ್ಯುಮೆಂಟ್.ಕಂಪ್ಯಾಟ್‌ಮೋಡ್' ಕೇಳಿ. 'ಬ್ಯಾಕ್‌ಕಂಪ್ಯಾಟ್' (ಅಂದರೆ ಕ್ವರ್ಕ್ಸ್ ಮೋಡ್) ಎಂದು ಬಂದರೆ ಉಳಿದ ಹುಡುಕಾಟವೆಲ್ಲ ಆಮೇಲೆ.

ಮುಂದಿನದು ಪ್ರಿಫಿಕ್ಸ್‌ಗಳ ಕಾಲ, ಅಂದರೆ ಸಿಎಸ್‌ಎಸ್ ಗುಣದ ಹೆಸರಿನ ಮೊದಲಿಗೆ ಬ್ರೌಸರಿನ ಗುರುತು ಸೇರಿಸುವ ಕಾಲ. ಪ್ರಯೋಗಕ್ಕೆಂದು ಬಂದ, ಸಫಾರಿಯ ಎಂಜಿನ್ನಿನ ಹೆಸರಾದ 'ವೆಬ್‌ಕಿಟ್' ಪ್ರಿಫಿಕ್ಸನ್ನು ಎಲ್ಲರೂ ಖಾಯಂ ಮಾಡಿಕೊಂಡು, ಕಡೆಗೆ 2016ರ ಫೈರ್‌ಫಾಕ್ಸ್ 49 ಕೂಡ ಅದನ್ನು ಒಪ್ಪಿಕೊಳ್ಳಬೇಕಾಯಿತು. 2020ರಲ್ಲಿ ಮೈಕ್ರೋಸಾಫ್ಟ್‌ನ ಎಡ್ಜ್ ಕೂಡ ಕ್ರೋಮ್‌ನ ತಳಹದಿಯಾದ ಕ್ರೋಮಿಯಂಗೆ ಬದಲಾಯಿತು.

ಈಗ ಆ ಬಟನ್‌ಗಳ ವಿಷಯ. ಫ್ಲೆಕ್ಸ್ ವಿಧಾನದಲ್ಲಿ ಜೋಡಿಸಿದ ಸಾಲಿನಲ್ಲಿ ನಡುವಿನ ಅಂತರ ಹೇಳುವ 'ಗ್ಯಾಪ್' ಫೈರ್‌ಫಾಕ್ಸ್‌ಗೆ ಬಂದದ್ದು 2018ರಲ್ಲಿ, ಕ್ರೋಮ್‌ಗೆ 2020ರಲ್ಲಿ, ಸಫಾರಿಗೆ 2021ರಲ್ಲಿ. ಚೌಕಳಿಯಂತೆ ಜೋಡಿಸುವ ಗ್ರಿಡ್‌ನಲ್ಲಿ ಗ್ಯಾಪ್ ಮೊದಲೇ ಇದ್ದುದರಿಂದ, ಒಂದು ಗುಣ ಬ್ರೌಸರಿಗೆ ಗೊತ್ತೇ ಎಂದು ಕೇಳುವ 'ಸಪೋರ್ಟ್ಸ್' ಪರೀಕ್ಷೆ ಹಳೆಯ ಸಫಾರಿಯಲ್ಲೂ ಹೌದು ಎಂದೇ ಹೇಳುತ್ತದೆ, ಅದನ್ನು ನಂಬುವಂತಿಲ್ಲ. ಹಳೆಯ ಫೋನುಗಳನ್ನೂ ಲೆಕ್ಕಕ್ಕಿಟ್ಟುಕೊಂಡರೆ ಬಟನ್‌ಗಳಿಗೆ ಮಾರ್ಜಿನ್ (ಹೊರಗಿನ ಅಂತರ) ಕೊಡುವುದೇ ದಾರಿ.

ಕನ್ನಡ ಪುಟಗಳಿಗೆ ಇನ್ನೊಂದು ಪೇಚು. ಫಾಂಟ್ ಹೆಸರಿಸದಿದ್ದರೆ ಸಾಮಾನ್ಯವಾಗಿ ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್, ಆಂಡ್ರಾಯ್ಡ್‌ನಲ್ಲಿ ನೋಟೋ ಬರುತ್ತದೆ. ಪ್ರತಿ ಫಾಂಟಿನ ಎತ್ತರದ ಅಳತೆ ಬೇರೆಯಾದ್ದರಿಂದ ಸಾಲಿನ ಎತ್ತರಕ್ಕೆ 'ಲೈನ್-ಹೈಟ್: ನಾರ್ಮಲ್' ಎಂದರೆ ಒಂದೊಂದು ಕಡೆ ಒಂದೊಂದು ಎತ್ತರ. ಇಂಗ್ಲಿಷಿಗೆಂದು ಮಾಡಿದ ಥೀಮಿನಲ್ಲಿ ಶೀರ್ಷಿಕೆಯ ಎತ್ತರ ಕಟ್ಟಿಹಾಕಿ ಹೊರಚಾಚಿದ್ದನ್ನು ಮರೆಮಾಡುವ 'ಓವರ್‌ಫ್ಲೋ: ಹಿಡನ್' ಹಾಕಿದ್ದರೆ 'ರಾಷ್ಟ್ರ'ದ ಕೆಳಗಿನ ಒತ್ತುಗಳು ಕತ್ತರಿಸಿಹೋಗುತ್ತವೆ. ಯಾವ ಫಾಂಟ್ ಬಂದಿದೆ ಎಂಬುದನ್ನು ಫೈರ್‌ಫಾಕ್ಸ್‌ನ ಇನ್‌ಸ್ಪೆಕ್ಟರ್‌ನಲ್ಲಿರುವ ಫಾಂಟ್ಸ್ ಟ್ಯಾಬ್ ತೋರಿಸುತ್ತದೆ. ಎತ್ತರದ ಕಟ್ಟು ಬಿಚ್ಚಿ, ಲೈನ್-ಹೈಟನ್ನು ಯೂನಿಟ್ ಇಲ್ಲದೆ 1.6ರಿಂದ ಶುರುಮಾಡಿ, ಒಂದು ವೆಬ್‌ಫಾಂಟನ್ನು ಜೊತೆಗೇ ಕಳಿಸಿದರೆ ಒತ್ತುಗಳು ಉಳಿಯುತ್ತವೆ.