ಇಳಿಯದ ಬಿಪಿ, ತಡವಾಗಿ ಸಿಕ್ಕಿಬಿದ್ದ ಹಾರ್ಮೋನ್

ಮೂರು ಬಗೆಯ ಮಾತ್ರೆ ದಿನಾ ತಪ್ಪದೆ ನುಂಗಿದರೂ ಬಿಪಿ 160ರಿಂದ ಕೆಳಗೆ ಇಳಿಯಲ್ಲ ಅಂದರೆ ಮೊದಲು ಬೈಸಿಕೊಳ್ಳುವುದು ರೋಗಿಯೇ. ಉಪ್ಪು ಬಿಟ್ಟಿಲ್ಲ, ಟೆನ್ಷನ್ ಜಾಸ್ತಿ, ಮಾತ್ರೆ ಮರೆತಿರಬೇಕು. ಇರಬಹುದು. ಆದರೆ ಹೀಗೆ ಮೊಂಡು ಹಿಡಿದ ಬಿಪಿ ಇರುವ ಐವರಲ್ಲಿ ಸುಮಾರು ಒಬ್ಬರಿಗೆ ತೊಂದರೆ ಇರುವುದು ಕಿಡ್ನಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ.

ಅಲ್ಲಿಂದ ಬರುವ ಅಲ್ಡೋಸ್ಟಿರೋನ್ ಎಂಬ ಹಾರ್ಮೋನ್ ಉಪ್ಪನ್ನು ಮೈಯಲ್ಲೇ ಉಳಿಸಿಕೊಂಡು ಪೊಟ್ಯಾಸಿಯಂ ಹೊರಗೆ ಹಾಕಿಸುತ್ತದೆ. ಉಪ್ಪಿನ ಜೊತೆ ನೀರೂ ನಿಲ್ಲುತ್ತದೆ, ಒತ್ತಡ ಏರುತ್ತದೆ. ಕಿಡ್ನಿಯಿಂದ ಬರುವ ರೆನಿನ್ ಎಂಬ ರಾಸಾಯನಿಕ ಕರೆದಾಗ ಬರಬೇಕಾದ ಈ ಹಾರ್ಮೋನ್ ಕರೆಯದೆಯೇ ಸುರಿಯತೊಡಗಿದರೆ ಅದೇ ಕಾಯಿಲೆ.

1954ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯ ಜೆರೋಮ್ ಕಾನ್ ಮುಂದೆ 34 ವರ್ಷದ ಮಹಿಳೆಯೊಬ್ಬರು ಬಂದರು. ಏಳು ವರ್ಷಗಳಿಂದ ಸ್ನಾಯು ಸೆಳೆತ, ಆಗಾಗ ಕಾಲಲ್ಲಿ ಶಕ್ತಿಯೇ ಇಲ್ಲ, ಬಿಪಿ ಜಾಸ್ತಿ, ಪೊಟ್ಯಾಸಿಯಂ ತೀರಾ ಕಡಿಮೆ. ಎರಡನೇ ಮಹಾಯುದ್ಧದ ದಿನಗಳಲ್ಲಿ ಸೆಕೆಗೆ ಮೈ ಹೇಗೆ ಒಗ್ಗುತ್ತದೆ ಎಂದು ಬೆವರನ್ನೇ ಅಳೆಯುತ್ತಿದ್ದ ಕಾನ್ ಇಲ್ಲೂ ಅದನ್ನೇ ಮಾಡಿದರು. ಆಕೆಯ ಬೆವರಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ತೀರಾ ಕಡಿಮೆ! ಹಾಗಾದರೆ ಉಪ್ಪು ಹಿಡಿದಿಡುವ ಹಾರ್ಮೋನ್ ಅತಿಯಾಗಿರಬೇಕು, ಅಲ್ವಾ? ಆ ಹಾರ್ಮೋನನ್ನು ಬೇರ್ಪಡಿಸಿ ಆಗಿನ್ನೂ ಒಂದು ವರ್ಷ ಆಗಿತ್ತಷ್ಟೇ. ಡಿಸೆಂಬರ್‌ನಲ್ಲಿ ಆಪರೇಷನ್ ಮಾಡಿದಾಗ ಬಲಗಡೆ ಗ್ರಂಥಿಯಲ್ಲಿ ಸುಮಾರು 4 ಸೆಂ.ಮೀ. ಗಡ್ಡೆ ಸಿಕ್ಕಿತು, ಅದನ್ನು ತೆಗೆದ ಮೇಲೆ ಆಕೆ ಚೇತರಿಸಿಕೊಂಡರು. (ಪೋಲೆಂಡ್‌ನ ಲಿಟಿನ್‌ಸ್ಕಿ 1953ರಲ್ಲೇ ಇಂಥದ್ದನ್ನು ಬರೆದಿದ್ದರು. ಪೋಲಿಷ್‌ನಲ್ಲಿ ಬರೆದಿದ್ದಕ್ಕೋ ಏನೋ, ಕಾಯಿಲೆಗೆ ‘ಕಾನ್ ಸಿಂಡ್ರೋಮ್’ ಎಂದೇ ಹೆಸರಾಯಿತು.)

ಮುಂದೆ ಕಾನ್ ಇದು ಅಪರೂಪದ ಕಾಯಿಲೆಯೇ ಅಲ್ಲ ಎಂದರು. ಬಿಪಿ ಇರುವವರಲ್ಲಿ ಶೇ. 20ರಷ್ಟು ಜನಕ್ಕೆ ಇರಬಹುದು ಎಂದು ಅಂದಾಜಿಸಿದರು. ಯಾರೂ ಒಪ್ಪಲಿಲ್ಲ. ದಶಕಗಳ ಕಾಲ ವೈದ್ಯರ ಲೆಕ್ಕ ಶೇ. 1ರ ಆಸುಪಾಸಿನಲ್ಲೇ ಉಳಿಯಿತು, ಯಾಕೆಂದರೆ ಪೊಟ್ಯಾಸಿಯಂ ಕಡಿಮೆ ಇದ್ದವರನ್ನು ಮಾತ್ರ ಹುಡುಕುತ್ತಿದ್ದರು. ನನ್ನ ಪ್ರಕಾರ ಎಡವಿದ್ದು ಇಲ್ಲೇ, ಈ ಕಾಯಿಲೆ ಇರುವ ಹೆಚ್ಚಿನವರಿಗೆ ಪೊಟ್ಯಾಸಿಯಂ ಸರಿಯಾಗಿಯೇ ಇರುತ್ತದೆ! 1981ರಲ್ಲಿ ಜಪಾನಿನ ವೈದ್ಯರು ರಕ್ತದಲ್ಲಿ ಅಲ್ಡೋಸ್ಟಿರೋನ್ ಮತ್ತು ರೆನಿನ್ ಎರಡನ್ನೂ ಅಳೆದು ಅನುಪಾತ ನೋಡುವ ದಾರಿ ತೋರಿಸಿದರು. 1990ರ ದಶಕದಲ್ಲಿ ಬ್ರಿಸ್ಬೇನ್‌ನ ರಿಚರ್ಡ್ ಗಾರ್ಡನ್ ತಂಡ ಇದನ್ನು ಜಾಸ್ತಿ ಜನರ ಮೇಲೆ ಮಾಡಿ ನೋಡಿದಾಗ ರೋಗಿಗಳ ಸಂಖ್ಯೆ ಒಮ್ಮೆಲೇ ಏರಿತು. ಆದರೂ ಬಿಪಿ ಇರುವ ಎಲ್ಲರಿಗೂ ಈ ಪರೀಕ್ಷೆ ಮಾಡಿ ಎಂದು ಹಾರ್ಮೋನ್ ತಜ್ಞರ ಸಂಘವಾದ ಎಂಡೊಕ್ರೈನ್ ಸೊಸೈಟಿಯ ಮಾರ್ಗಸೂಚಿ ಹೇಳಿದ್ದು 2025ರಲ್ಲಿ.

ಒಂದೇ ಕಡೆಯ ಗ್ರಂಥಿ ಕೆಟ್ಟಿದ್ದರೆ ಅದನ್ನು ತೆಗೆಯಬಹುದು. ಎರಡೂ ಕಡೆ ಇದ್ದರೆ ಅಲ್ಡೋಸ್ಟಿರೋನ್ ಕೆಲಸವನ್ನು ತಡೆಯುವ ಸ್ಪಿರೊನೊಲ್ಯಾಕ್ಟೋನ್‌ನಂಥ ಮಾತ್ರೆ. ಅದು 1960ರ ಸುಮಾರಿಗೇ ಬಂದಿತ್ತು.