ಬೋರ್ಡೋ ಸಿಂಪಡಿಸಿದ ತೋಟದ ತಾಮ್ರವನ್ನು ಗಿಡಗಳು ಎಳೆದು ತೆಗೆಯುತ್ತವೆಯೇ?

ಪ್ರಶ್ನೆ: ಇಪ್ಪತ್ತು ವರ್ಷದಿಂದ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು ಎಂಬ ತಾಮ್ರದ ಲವಣ, ಸುಣ್ಣ ಬೆರೆಸಿದ ದ್ರಾವಣ) ಸಿಂಪಡಿಸುತ್ತಿದ್ದೇವೆ. ಮಣ್ಣಲ್ಲಿ ತಾಮ್ರ ಸೇರಿದೆ ಅಂತಾರೆ. ಲಾವಂಚ ನೆಟ್ಟರೆ, ಜೀವಾಣು ಗೊಬ್ಬರ ಹಾಕಿದರೆ ಹೋದೀತೇ? (ಬದಿಯಡ್ಕ ಕಡೆಯ ಕೃಷಿಕರು)

ಉತ್ತರ: ಹೋಗುವುದಿಲ್ಲ. ಆದರೆ ಅದರ ಕಾಟವನ್ನು ಕಡಿಮೆ ಮಾಡಬಹುದು.

ಜೀವಾಣುಗಳು ಒಡೆಯುವುದು ಬೇರೆ ಬಗೆಯ ವಿಷಗಳನ್ನು. ಕೀಟನಾಶಕ, ಕಳೆನಾಶಕಗಳಲ್ಲಿ ಹೆಚ್ಚಿನವು ಇಂಗಾಲದ ಸಂಯುಕ್ತಗಳು. ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಕಿಣ್ವ ಬಿಟ್ಟು ಅವುಗಳ ಕೊಂಡಿ ಕತ್ತರಿಸುತ್ತವೆ. ಬೇರು ಒಸರುವ ಸಕ್ಕರೆ, ಆಮ್ಲಗಳನ್ನು ತಿಂದು ಈ ಜೀವಿಗಳು ಹೆಚ್ಚುವುದರಿಂದ ಬೇರಿನ ಸುತ್ತ ಕೆಲಸ ಚುರುಕು. ಆದರೂ ಒಡೆದದ್ದೆಲ್ಲ ನಿರಪಾಯವಲ್ಲ. ನಮ್ಮದೇ ಕಾಸರಗೋಡು ಜಿಲ್ಲೆಯ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಸುರಿದ ಎಂಡೋಸಲ್ಫಾನ್ ಕೀಟನಾಶಕ ಮಣ್ಣಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದೂ ವಿಷವೇ, ಮೂಲಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ತಾಮ್ರ ಮೂಲಧಾತು, ಕತ್ತರಿಸಲು ಕೊಂಡಿಯೇ ಇಲ್ಲ. ಸೂಕ್ಷ್ಮಜೀವಿ ಅದನ್ನು ಮೈಗೆ ಅಂಟಿಸಿಕೊಂಡೀತು. ಸತ್ತಾಗ ತಾಮ್ರ ಮತ್ತೆ ಮಣ್ಣಿಗೇ.

ಗಿಡದ ಲೆಕ್ಕ ನೋಡಿ. ಶೇ. 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಮೈಲುತುತ್ತಿನ ಕಾಲು ಭಾಗ ತಾಮ್ರ. ಎಕರೆಗೆ ಒಂದು ಸಲಕ್ಕೆ 500 ಲೀಟರ್ ಎಂದಿಟ್ಟುಕೊಂಡರೆ, ವರ್ಷಕ್ಕೆ ಎರಡು ಸಲ ಬಿಟ್ಟಾಗ ಸುಮಾರು ಎರಡೂವರೆ ಕೆಜಿ ತಾಮ್ರ; 20 ವರ್ಷಕ್ಕೆ 50 ಕೆಜಿ. ಸಾಮಾನ್ಯ ಹುಲ್ಲು-ಸೊಪ್ಪಿನ ಒಂದು ಕೆಜಿ ಒಣ ತೂಕದಲ್ಲಿ ಸುಮಾರು 10 ಮಿಲಿಗ್ರಾಂ ತಾಮ್ರವಿರುತ್ತದೆ. ಎಕರೆಯಲ್ಲಿ ನಾಲ್ಕು ಟನ್ ಒಣ ಸೊಪ್ಪು ಕತ್ತರಿಸಿ ಹೊರಗೆ ಸಾಗಿಸಿದರೂ ಹೋಗುವುದು 40 ಗ್ರಾಂ! ಅದೇ ಸೊಪ್ಪನ್ನು ಬುಡಕ್ಕೆ ಹಾಕಿದರೆ ಅದೂ ವಾಪಸ್. ಲಾವಂಚ ಎಳೆದದ್ದನ್ನು ಹೆಚ್ಚಾಗಿ ಬೇರಲ್ಲೇ ಇಟ್ಟುಕೊಳ್ಳುತ್ತದೆ. ಗುಡ್ಡದ ಇಳಿಜಾರಿನಲ್ಲಿ ಮಣ್ಣು ತೋಡಿಗೆ ಇಳಿಯದಂತೆ ತಡೆಯಲು ನೆಡಿ, ತಾಮ್ರ ತೆಗೆಯಲು ಅಲ್ಲ.

ಮೊದಲು ಮಣ್ಣು ಪರೀಕ್ಷೆ. ಎಂಟು-ಹತ್ತು ಕಡೆ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು ಬೆರೆಸಿ, ಅರ್ಧ ಕೆಜಿ ಕೊಡಿ. ಪಿಎಚ್ (ಮಣ್ಣಿನ ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಜೊತೆಗೆ 'ಲಭ್ಯ ತಾಮ್ರ'ವನ್ನೂ, ಅಂದರೆ ಬೇರಿಗೆ ಸಿಗುವ ತಾಮ್ರವನ್ನೂ, ಕೇಳಿ ಬರೆಸಿ. ಮದ್ದು ಕಲಸುವ ಡ್ರಮ್ಮಿನ ಸುತ್ತಲಿನ ಮಣ್ಣು ಬೇರೆ ಚೀಲದಲ್ಲಿರಲಿ. ವರ್ಷವೂ ಚೆಲ್ಲಿ ನೀಲಿಗಟ್ಟಿದ ಆ ಜಾಗದ ಅಂಕಿ ಇಡೀ ತೋಟದ್ದಲ್ಲ.

ನಮ್ಮ ಮುರಕಲ್ಲು ಮಣ್ಣು ಹುಳಿ. ಪಿಎಚ್ 5.5ಕ್ಕಿಂತ ಇಳಿದಷ್ಟೂ ತಾಮ್ರ ಕರಗಿ ಬೇರಿಗೆ ತಾಗುತ್ತದೆ: ಬೇರು ಗಿಡ್ಡವಾಗುತ್ತದೆ, ಎಳೆಗರಿ ಹಳದಿಯಾಗುತ್ತದೆ, ಎರೆಹುಳು ಕಡಿಮೆಯಾಗುತ್ತದೆ. ಹುಳಿ ತಗ್ಗಿಸಲು ಮರಕ್ಕೆ ಅರ್ಧ ಕೆಜಿ ಸುಣ್ಣ ಎರಡು-ಮೂರು ವರ್ಷಕ್ಕೊಮ್ಮೆ ಹಾಕಿ. ಜೊತೆಗೆ ವರ್ಷಕ್ಕೆ 12 ಕೆಜಿ ಹಟ್ಟಿಗೊಬ್ಬರ, 12 ಕೆಜಿ ಸೊಪ್ಪು ಕೊಟ್ಟರೆ ಕೊಳೆತ ಸೊಪ್ಪಿನ ಅಂಶ ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸೂಕ್ಷ್ಮಜೀವಿಗಳ ನಿಜವಾದ ಸಹಾಯ ಇಲ್ಲಿದೆ: ಸೊಪ್ಪನ್ನು ಕೊಳೆಸಿ ಈ ಅಂಶವನ್ನು ಮಾಡಿಕೊಡುವುದು ಅವೇ. ಸುಣ್ಣವನ್ನೂ ರಾಸಾಯನಿಕ ಗೊಬ್ಬರವನ್ನೂ ಒಟ್ಟಿಗೆ ಹಾಕಬೇಡಿ, ಕೆಲವು ವಾರ ಬಿಡಿ.

ಬೋರ್ಡೋ ನಿಲ್ಲಿಸಿ ಎನ್ನಲಾರೆವು; ಕೊಳೆ ಬಂದರೆ ಬೆಳೆಯೇ ಹೋದೀತು. ದ್ರಾವಣ ಗೊನೆಗೆ ಬೀಳಲಿ, ನೆಲಕ್ಕಲ್ಲ. ಉಳಿದ ಮದ್ದು, ಡ್ರಮ್ಮು ತೊಳೆದ ನೀರು ಬಾವಿಕಟ್ಟೆಯ ಹತ್ತಿರವಾಗಲಿ ತೋಡಿಗಾಗಲಿ ಬೀಳಬಾರದು.