‘ಡೈರೆಕ್ಟ್ ಕೊಡಿ ಮೇಡಂ’

ನಾನು ಏರ್ ಟ್ರಾಫಿಕ್ ಕಂಟ್ರೋಲರ್, ರೇಡಿಯೋದಲ್ಲಿ ಪೈಲಟ್‌ಗಳಿಗೆ ದಾರಿ ಹೇಳುವವಳು. ಮದುವೆ ಮನೆಗಳಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: “ಈಗ ಎಲ್ಲಾ ಕಂಪ್ಯೂಟರ್ರೇ ಅಲ್ವಾ? ರೇಡಿಯೋದಲ್ಲಿ ನೀವು ಹೇಳೋದೇನಿದೆ?” ನಕ್ಕು ಊಟದ ಕಡೆ ಹೋಗುತ್ತೇನೆ. ಅದೇ ಮಾತನ್ನು ಟ್ರೈನಿ ಕಂಟ್ರೋಲರ್ ಆಡಿದರೆ ಮಾತ್ರ ತಲೆ ಕೆಡುತ್ತದೆ.

ಮಾತು ಕಡಿಮೆಯಾಗಿದೆ, ನಿಜ. ಮೊದಲು ಒಂದು ವಿಮಾನ ಇಳಿಸಲು ಹೆಡಿಂಗ್ (ಮೂತಿ ತಿರುಗಿಸಬೇಕಾದ ದಿಕ್ಕು), ಎತ್ತರ, ವೇಗ ಎಲ್ಲವನ್ನೂ ಒಂದೊಂದಾಗಿ ಹೇಳಬೇಕಿತ್ತು, ಪೈಲಟ್ ಅಷ್ಟನ್ನೂ ತಿರುಗಿ ಒಪ್ಪಿಸಬೇಕಿತ್ತು. ಈಗ ಬರುವ ದಾರಿ, ಅಂದರೆ ಸ್ಟಾರ್, ವಿಮಾನದ ಕಂಪ್ಯೂಟರಿನಲ್ಲೇ ಇದೆ. ಯಾವ ಪಾಯಿಂಟಿನಲ್ಲಿ ಎಷ್ಟು ಎತ್ತರ, ಎಷ್ಟು ವೇಗ ಅನ್ನುವುದೂ ಚಾರ್ಟಿನಲ್ಲೇ ಇದೆ. ‘ಡಿಸೆಂಡ್ ವಯಾ ಸ್ಟಾರ್’ ಎಂದು ಕೊನೆಯ ಎತ್ತರ ಹೇಳಿದರೆ ಸಾಕು. ನಮ್ಮ ರೇಡಿಯೋದಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಬರೀ ಕೀರಲು ಸದ್ದು. ಹಾಗಾಗಿ ಮಾತು ಉಳಿದಷ್ಟೂ ಒಳ್ಳೆಯದೇ.

ತೊಂದರೆ ಶುರುವಾಗುವುದು ‘ಡೈರೆಕ್ಟ್’ನಿಂದ, ಅಂದರೆ ನಡುವಿನ ಪಾಯಿಂಟುಗಳನ್ನು ಬಿಟ್ಟು ನೇರ ಹೋಗುವ ಅನುಮತಿಯಿಂದ. ಒಂದು ಸಂಜೆ ಪೈಲಟ್ ಕೇಳಿದರು, “ಡೈರೆಕ್ಟ್ ಕೊಡಿ ಮೇಡಂ.” ಪಕ್ಕದಲ್ಲಿದ್ದ ನನ್ನ ಟ್ರೈನಿಗೆ ಧಾರಾಳ ಮನಸ್ಸು. ಎರಡು ಪಾಯಿಂಟ್ ಬಿಟ್ಟು ಮೂರನೆಯದಕ್ಕೆ ನೇರ ಕಳಿಸಿಯೇಬಿಟ್ಟ. ಬಿಟ್ಟ ಪಾಯಿಂಟಿನಲ್ಲಿ ‘9000 ಅಡಿಗಿಂತ ಕೆಳಗೆ ಬೇಡ’ ಅಂತಿತ್ತು. ಕಾರಣ, ಟೇಕಾಫ್ ಆದ ಇನ್ನೊಂದು ವಿಮಾನ ಅದರ ಕೆಳಗೆ 8000ಕ್ಕೆ ಏರುತ್ತಿತ್ತು. ನಮ್ಮ ಡೈರೆಕ್ಟ್ ವಿಮಾನಕ್ಕೆ ಮೊದಲೇ 6000ಕ್ಕೆ ಇಳಿಯಲು ಅನುಮತಿ ಕೊಟ್ಟಾಗಿತ್ತು. ನಾನು ಬಗ್ಗಿ ಬಟನ್ ಒತ್ತಿ 9000ದಲ್ಲೇ ಇರಿ ಅಂದೆ. “ಚಾರ್ಟಲ್ಲಿ ಇದೆಯಲ್ಲ ಮೇಡಂ!” ಅಂದ ಹುಡುಗ.

ಇಲ್ಲ ಮಾರಾಯ, ಈಗ ಇಲ್ಲ! ಐಕಾವೋ, ಅಂದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, 2016ರ ನವೆಂಬರಿನಲ್ಲಿ ಜಾರಿಗೆ ತಂದ ನಿಯಮ ನೋಡು. ನೇರ ಕಳಿಸಿದರೆ, ಬಿಟ್ಟ ಪಾಯಿಂಟುಗಳ ಎತ್ತರ–ವೇಗದ ಮಿತಿಗಳೆಲ್ಲ ರದ್ದು. ಬಸ್ಸು ಬೈಪಾಸಿನಲ್ಲಿ ಹೋದಮೇಲೆ ಊರೊಳಗಿನ ಸ್ಟಾಪಿನ ಮಾತೇಕೆ? ತಲುಪುವ ಪಾಯಿಂಟಿನದ್ದು, ಅದರ ಮುಂದಿನದ್ದು ಉಳಿಯುತ್ತವೆ. ಹೆಡಿಂಗ್ ಕೊಟ್ಟು ದಾರಿ ಬಿಡಿಸಿದರೆ ಅವೂ ಹೋದವು. ಮತ್ತೆ ಸ್ಟಾರಿಗೆ ಸೇರಿಸಿದರೆ, ಸೇರಿದ ಪಾಯಿಂಟಿನಿಂದ ಮುಂದಿನವು ಪುನಃ ಜೀವ ಪಡೆಯುತ್ತವೆ. ಅಂದರೆ ಪೈಲಟ್ 6000ಕ್ಕೆ ಇಳಿದಿದ್ದರೂ ತಪ್ಪು ಅವರದ್ದಲ್ಲ. ಮಿತಿ ಬೇಕಿದ್ದರೆ ಬಾಯಿಬಿಟ್ಟು ಹೇಳಬೇಕಾದವರು ನಾವು. (ಕೆಲವು ದೇಶಗಳಲ್ಲಿ ಸ್ವಲ್ಪ ಬೇರೆ ಪದ್ಧತಿ ಇದೆ. ಹಾರುವ ಕಡೆಯ ಪುಸ್ತಕ ನೋಡಿಕೊಳ್ಳಿ.)

ಆ ಹುಡುಗನಿಗೆ ಈಗ ಲೈಸೆನ್ಸ್ ಬಂದಿದೆ. ಮೊನ್ನೆ ಡೈರೆಕ್ಟ್ ಕೊಡುವಾಗ ಅದೇ ಉಸಿರಿನಲ್ಲಿ ಎತ್ತರವನ್ನೂ ಹೇಳಿದ. ಪೈಲಟ್ ಪಾಯಿಂಟ್ ಹೆಸರನ್ನಷ್ಟೇ ಒಪ್ಪಿಸಿ ಥ್ಯಾಂಕ್ಯೂ ಅಂದರು. ಇವನು ಬಿಡಲಿಲ್ಲ, ಎತ್ತರ ಎಷ್ಟು ಹೇಳಿ ಎಂದು ಮತ್ತೆ ಕೇಳಿದ. ನಾನು ಕಾಫಿಗೆ ಎದ್ದೆ.